ನೀರಿನ ಜಾಡು ಹಿಡಿದು ಬಾದಾಮಿಯ ಕೊಳ್ಳಗಳಲ್ಲಿ

ಬಾದಾಮಿಗೆ ಬರುವವರ ಕಾರ್ಯಕ್ರಮ ನಮ್ಮೂರ ಟಂಟಂ ಚಾಲಕರಿಗೆ ಬಾಯಿಪಾಠವಾಗಿದೆ. ಬೆಳಿಗ್ಗೆ ನಾಲ್ಕು ಗುಹೆ, ಕೆರೆದಂಡೆಯಲ್ಲಿ ಒಂದಿಷ್ಟು ಫೋಟೊ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಉಳಿದರೆ ಐಹೊಳೆ, ರಾತ್ರಿ ಬಸ್ಸಿಗೆ ವಾಪಸು. ಒಂದೇ ದಿನಕ್ಕೆ ಬಂದವರು ಇನ್ನೇನು ಮಾಡಿಯಾರು! ಆದರೆ ಎರಡನೇ ದಿನ ಕೈಯಲ್ಲಿದ್ದವರೂ ಹೋಟೆಲ್ ಕೋಣೆಯಲ್ಲಿ ಟಿವಿ ಹಾಕಿಕೊಂಡು ಕೂರುವುದನ್ನು ಕಂಡಾಗ, ಭೂಗೋಳದ ಪಾಠ ಮಾಡಿಯೇ ನಿವೃತ್ತನಾದ ನನಗೆ ರಟ್ಟೆ ಹಿಡಿದು ಎಬ್ಬಿಸಿ ಗುಡ್ಡಕ್ಕೆ ಕರೆದೊಯ್ಯಬೇಕು ಅನ್ನಿಸುತ್ತದೆ. ಗುಹೆ ಕೊರೆದ ಆ ಕೆಂಪು ಗುಡ್ಡ ಊರ ಕಡೆಗೆ ತೋರಿಸುತ್ತಿರುವುದು ಬರೀ ತನ್ನ ಮುಖ. ಅದರ ಬೆನ್ನ ಹಿಂದೆ ಕುರುಚಲು ಕಾಡು ಮುಚ್ಚಿದ ಗುಡ್ಡಗಳೂ ಅವುಗಳ ನಡುವೆ ಆಳವಾಗಿ ಸೀಳಿದ ಕೊಳ್ಳಗಳೂ ಮಲಪ್ರಭೆಯ ದಂಡೆಯವರೆಗೆ ಹಬ್ಬಿಕೊಂಡಿವೆ. ಅಲ್ಲೆಲ್ಲ ಕಾಲ್ದಾರಿಗಳಿವೆ. ಕುರಿ ಕಾಯುವವರು, ಸೌದೆಗೆ ಹೋಗುವ ಹೆಣ್ಣುಮಕ್ಕಳು, ಶ್ರಾವಣದಲ್ಲಿ ಮಹಾಕೂಟಕ್ಕೆ ನಡೆದು ಹೋಗುವ ಭಕ್ತರು ತುಳಿದು ತುಳಿದು ಉಳಿಸಿಕೊಂಡು ಬಂದ ದಾರಿಗಳು.

ಈ ದಾರಿಗಳಿಗೆ ನಕಾಶೆ ಸಿಗುವುದು ಕಷ್ಟ. ಆದರೆ ಒಂದು ಸಂಗತಿ ಗೊತ್ತಿದ್ದರೆ ಸಾಕು, ಅರ್ಧ ನಕಾಶೆ ತಲೆಯಲ್ಲೇ ಸಿದ್ಧವಾಗುತ್ತದೆ: ಇಲ್ಲಿನ ಹಳೆಯ ಕಾಲ್ದಾರಿ ಊರು ಮುಟ್ಟುವುದಕ್ಕೆ ಮೊದಲು ನೀರು ಮುಟ್ಟುತ್ತದೆ. ಒಂದು ಹೊಂಡ, ಒಂದು ಝರಿ, ಬಂಡೆಯಡಿಯ ಒಂದು ಜಿನುಗು. ಆ ನೀರಿನ ಪಕ್ಕದಲ್ಲಿ ಗುಡಿ, ಇಲ್ಲವೆ ಮೂರ್ತಿ, ಇಲ್ಲವೆ ಆದಿಮಾನವ ಬರೆದ ಚಿತ್ರ. ಚಾಲುಕ್ಯರು ಇಲ್ಲಿಗೆ ಬಂದು ನೀರು ಹುಡುಕಲಿಲ್ಲ. ನೀರಿನ ಜಾಗ ಯಾವುದು ಎನ್ನುವುದು ಅವರಿಗಿಂತ ಬಹಳ ಹಿಂದಿನವರಿಗೇ ತಿಳಿದಿತ್ತು. ಚಾಲುಕ್ಯರು ಅದರ ಪಕ್ಕ ಗುಡಿ ಕಟ್ಟಿದರು, ಅಷ್ಟೆ.

ಮಳೆ ಅಷ್ಟಕ್ಕಷ್ಟೇ ಆದ ಸೀಮೆ ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದಂತೆ. ನಮ್ಮಲ್ಲಿ 600 ಮುಟ್ಟಿದರೆ ರೈತರು ಒಳ್ಳೆಯ ವರ್ಷ ಅನ್ನುತ್ತಾರೆ. ಅಂಥ ಕಡೆ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಮಹಾಕೂಟದ ಹೊಂಡ ತುಂಬಿರುವುದು ಹೇಗೆ ಎಂದು ಹುಡುಗರು ತರಗತಿಯಲ್ಲಿ ಕೇಳುತ್ತಿದ್ದರು. ಉತ್ತರ ಕಲ್ಲಿನಲ್ಲಿದೆ.

ಬಾದಾಮಿಯ ಗುಡ್ಡ ಮರಳುಗಲ್ಲಿನದು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ, ಭೂಮಿಯ ಮೇಲೆ ಮರವೂ ಇಲ್ಲದ, ಮೀನೂ ಇಲ್ಲದ ಕಾಲದಲ್ಲಿ, ಹೊಳೆಗಳೂ ಅಲೆಗಳೂ ತಂದು ಸುರಿದ ಮರಳು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಅದರಲ್ಲಿ ಸೇರಿದ ಕಬ್ಬಿಣದ ಅಂಶ ತುಕ್ಕಿನ ಬಣ್ಣ ಕೊಟ್ಟಿತು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಶಿಲೆಗಳ ವರದಿ ಪ್ರಕಟಿಸಿದಾಗ ಇವನ್ನೆಲ್ಲ ಕಲಾದಗಿ ಶ್ರೇಣಿ ಎಂದು ಕರೆದ. ಚಿಕ್ಕು ಹಣ್ಣಿಗೆ ಹೆಸರಾದ ನಮ್ಮ ಕಲಾದಗಿಯೇ ಅದು. ಜಗತ್ತಿನ ಭೂವಿಜ್ಞಾನಿಗಳು ಇವತ್ತಿಗೂ ಕಲಾದಗಿ ಜಲಾನಯನ ಎನ್ನುತ್ತಾರೆ, ಚಿಕ್ಕು ತಿಂದಿದ್ದಾರೋ ಇಲ್ಲವೋ ತಿಳಿಯದು. ಕಲಾದಗಿ ಶಿಲೆಗಳಲ್ಲೂ ಎರಡು ತಲೆಮಾರು ಇವೆ. ಕೆಳಗಿನ ಹಳೆಯವು ಮಡಿಕೆ ಬಿದ್ದು ಓರೆಕೋರೆಯಾಗಿವೆ. ಅವುಗಳ ಮೇಲೆ ಆಮೇಲೆ ಬಂದು ಕೂತ ಬಾದಾಮಿಯ ಪದರಗಳು ಮಾತ್ರ ರೊಟ್ಟಿ ಒಟ್ಟಿದ ಹಾಗೆ ಬಹುತೇಕ ಮಟ್ಟಸವಾಗಿವೆ.

ಮಟ್ಟಸ ಪದರ, ಅದನ್ನು ಮೇಲಿಂದ ಕೆಳಕ್ಕೆ ಸೀಳಿದ ನೆಟ್ಟನೆಯ ಬಿರುಕು. ಇವೆರಡೇ ಸೇರಿ ಬಾದಾಮಿಯ ಭೂಗೋಳವನ್ನೆಲ್ಲ ಮಾಡಿವೆ. ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ಸಾವಿರ ಸಾವಿರ ವರ್ಷಗಳಲ್ಲಿ ಬಿರುಕು ಅಗಲವಾಗಿ ಓಣಿಯಾಗುತ್ತದೆ, ಓಣಿ ಅಗಲವಾಗಿ ಕೊಳ್ಳವಾಗುತ್ತದೆ. ಅಂಚಿನ ಬಂಡೆ ಆಧಾರ ತಪ್ಪಿ ಕಳಚಿ ಬೀಳುತ್ತದೆ, ಹಿಂದೆ ಉಳಿದ ಗೋಡೆ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ನಿಲ್ಲುತ್ತದೆ. ಬಿರುಕಿನಲ್ಲಿ ಇಳಿದ ನೀರಿನ ಇನ್ನೊಂದು ಪಾಲು ಒಳಗೇ ಇಳಿಯುತ್ತ ಹೋಗಿ ಬಿಗಿಯಾದ ಪದರವೊಂದಕ್ಕೆ ತಾಕುತ್ತದೆ. ಕೆಳಗೆ ದಾರಿಯಿಲ್ಲದೆ ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಹೊರಗೆ ಬರುತ್ತದೆ. ಅಲ್ಲೊಂದು ಅತ್ತಿಯೋ ಆಲವೋ ಬೇರು ಬಿಡುತ್ತದೆ. ದೂರದಿಂದ ನೋಡಿದಾಗ ಒಣಗಿದ ಗುಡ್ಡದ ಕಾಲಬುಡದಲ್ಲಿ ಎದ್ದು ಕಾಣುವ ಕಡುಹಸಿರು ಎಲ್ಲಿದೆಯೋ ಅಲ್ಲಿ ನೀರಿದೆ ಎಂದೇ ಲೆಕ್ಕ.

ಪಾಠ ಸಾಕು, ನಡೆಯೋಣ.

ಮೊದಲ ನಡಿಗೆ ಊರಿನೊಳಗಿನಿಂದಲೇ ಶುರು. ಕೆರೆಯ ಉತ್ತರಕ್ಕೆ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದ ಪಕ್ಕದಿಂದ ಬಡಗಣ ಕೋಟೆಗೆ ದಾರಿ ಏರುತ್ತದೆ. ಹತ್ತು ನಿಮಿಷ ಏರುವಷ್ಟರಲ್ಲಿ ಎರಡೂ ಕಡೆ ಕೆಂಪು ಗೋಡೆಗಳು ಎದ್ದು ನಿಂತು ದಾರಿ ಸಂದಿಯಾಗುತ್ತದೆ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುತ್ತವೆ. ಇಲ್ಲಿ ನಿಂತು ಗೋಡೆಗೆ ಮುಖ ಹತ್ತಿರ ಒಯ್ದು ನೋಡಿ. ಮಟ್ಟಸ ಪದರಗಳ ಒಳಗೇ ಓರೆಯಾದ ಸಣ್ಣ ಗೆರೆಗಳು ಕಾಣುತ್ತವೆ, ಒಂದು ಪದರದಲ್ಲಿ ಎಡಕ್ಕೆ ವಾಲಿದವು, ಅದರ ಮೇಲಿನದರಲ್ಲಿ ಬಲಕ್ಕೆ. ನೀರು ಯಾವ ದಿಕ್ಕಿಗೆ ಹರಿಯುತ್ತ ಮರಳು ತಳ್ಳಿತೋ ಆ ದಿಕ್ಕಿಗೆ ಗೆರೆ ವಾಲಿದೆ. ನೂರು ಕೋಟಿ ವರ್ಷದ ಹಿಂದಿನ ಹೊಳೆ ಯಾವತ್ತೋ ದಿಕ್ಕು ಬದಲಿಸಿದ್ದನ್ನು ಬೆರಳಿಟ್ಟು ಮುಟ್ಟಬಹುದು. ನನ್ನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ಒಂದು ಅಧ್ಯಾಯ ಇಲ್ಲಿ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು.

ಇದೇ ಗುಡ್ಡದ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ 543ರ ಶಾಸನವಿದೆ. ವಾತಾಪಿಯ ಗುಡ್ಡವನ್ನು ಶತ್ರುಗಳು ಮುಟ್ಟಲಾಗದ ಕೋಟೆ ಮಾಡಿದೆ ಎನ್ನುತ್ತದೆ ಅದು. ನಿಜ ಹೇಳಬೇಕೆಂದರೆ ಅರ್ಧ ಕೋಟೆಯನ್ನು ಬಿರುಕುಗಳೇ ಕಟ್ಟಿ ಮುಗಿಸಿದ್ದವು. ಅರಸ ಸಂದಿಗಳಿಗೆ ಬಾಗಿಲು ಇಡಬೇಕಿತ್ತು. ಕೆಳಗೆ ಕೆರೆಯ ಈಶಾನ್ಯದ ಬಂಡೆಗೋಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರ ಇಸವಿಯ ಈ ಹತ್ತು ಸಾಲುಗಳಲ್ಲಿ ಕನ್ನಡದ ತ್ರಿಪದಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಕನ್ನಡ ಎಂ.ಎ. ಓದಿದವರೂ ಅದನ್ನು ನೋಡದೆ ಗುಹೆಯಷ್ಟೇ ನೋಡಿ ಹೋಗುವುದುಂಟು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಮಳೆ ಹೊಡೆದ ಮರುದಿನ ಇಲ್ಲಿಗೆ ಬಂದರೆ ಭೂತನಾಥ ಗುಡಿಯ ಕಡೆಯ ಬಂಡೆಯಂಚಿನಿಂದ ಎರಡು ಧಾರೆಗಳು ಧುಮುಕುತ್ತಿರುತ್ತವೆ. ಅಕ್ಕ-ತಂಗಿ ಎಂದು ನಾವು ಕರೆಯುತ್ತೇವೆ. ಅಕ್ಕನೂ ತಂಗಿಯೂ ಮಳೆ ನಿಂತ ಮೇಲೆ ಹೆಚ್ಚು ಹೊತ್ತು ನಿಲ್ಲುವವರಲ್ಲ.

ಕೆರೆಯನ್ನು ಬೆನ್ನಿಗೆ ಹಾಕಿ ಪೂರ್ವಕ್ಕೆ ಗುಡ್ಡ ಏರಿದರೆ ಅರಳಿತೀರ್ಥ, ಅದರಾಚೆ ಸಿಡಿಲಫಡಿ. ಅರಳಿತೀರ್ಥದಲ್ಲಿ ಚಾಚಿಕೊಂಡ ಬಂಡೆಯ ನೆರಳಿನಲ್ಲಿ ನೀರು ನಿಂತಿದೆ, ಗೋಡೆಯಲ್ಲಿ ದೇವರ ಮೂರ್ತಿಗಳನ್ನು ಕೆತ್ತಿದ್ದಾರೆ. ಸಿಡಿಲಫಡಿ ಊರಿನಿಂದ ಸುಮಾರು ನಾಲ್ಕು ಕಿಲೊಮೀಟರ್. ಗುಡ್ಡದ ನೆತ್ತಿ ಬಹುತೇಕ ಚಪ್ಪಟೆ. ಬಂಡೆಹಾಸು, ಅದರ ನಡುವೆ ಕವಳಿ, ಬಾರಿ, ಕಕ್ಕೆ, ಜಾಲಿ, ಮೊಳಕಾಲೆತ್ತರದ ಹುಲ್ಲು. ದಾರಿ ತಪ್ಪುವುದು ಇಲ್ಲಿಯೇ, ಏಕೆಂದರೆ ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಕುರಿಹಿಕ್ಕೆ ನೋಡಿಕೊಂಡು ನಡೆಯುವುದು ಉತ್ತಮ. ಕುರುಬರ ಹುಡುಗರಿಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ. ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ, ಕೂಲಿ ಮೊದಲೇ ಮಾತಾಡಿಕೊಳ್ಳಿ.

ಸಿಡಿಲಫಡಿ ಎಂದರೆ ಬಂಡೆಯೊಂದು ತಾನಾಗಿಯೇ ಕಮಾನು ಕಟ್ಟಿ ನಿಂತ ಜಾಗ. ಚಾವಣಿಯಲ್ಲಿ ತೂತು ಬಿದ್ದು ಆಕಾಶ ಕಾಣುತ್ತದೆ. ಸಿಡಿಲು ಹೊಡೆದು ಬಿದ್ದ ತೂತು ಎಂದು ಹಿರಿಯರ ಮಾತು. ಕೆಳಗೆ ವಿಶಾಲವಾದ ನೆರಳು, ಎರಡೂ ಬದಿಯಿಂದ ಗಾಳಿ. ಕಲ್ಲಿನ ಆಯುಧ ಬಳಸುತ್ತಿದ್ದ ಜನ ಇಲ್ಲಿ ವಾಸವಿದ್ದರು, ಗೋಡೆಗಳ ಮೇಲೆ ಚಿತ್ರ ಬರೆದರು. ಚಿತ್ರಗಳು ಮಸುಕಾಗಿವೆ. ಹೊರಗಿನ ಬೆಳಕಿನಿಂದ ಬಂದು ಥಟ್ಟನೆ ನೋಡಿದರೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಕೂತು ಕಣ್ಣು ಪಳಗಿದ ಮೇಲೆ ಕೆಮ್ಮಣ್ಣಿನ ಗೆರೆಗಳು ಒಂದೊಂದಾಗಿ ಪ್ರಾಣಿಯ ಬೆನ್ನಾಗಿ, ಕಾಲಾಗಿ ಹೊರಬರುತ್ತವೆ. ಮಲಪ್ರಭೆಯ ಕಣಿವೆಯ ಪ್ರಾಗಿತಿಹಾಸವನ್ನು ಆರ್. ವಿ. ಜೋಶಿ 1955ರಲ್ಲೇ ಪುಸ್ತಕ ಮಾಡಿದ್ದಾರೆ. ಹೊಳೆಯ ಜಲ್ಲಿಕಲ್ಲಿನ ಪದರಗಳಲ್ಲಿ ಸಿಕ್ಕ ಕೈಗೊಡಲಿಗಳು ಈ ಚಿತ್ರಗಳಿಗಿಂತಲೂ ಎಷ್ಟೋ ಹಳೆಯವು. ಇಷ್ಟು ವರ್ಷ ಉಳಿದ ಚಿತ್ರದ ಪಕ್ಕದಲ್ಲೇ ಇದ್ದಲಿನಿಂದ ಹೃದಯ ಬರೆದು ಬಾಣ ಚುಚ್ಚಿ ತಮ್ಮ ಹೆಸರು ಕೆತ್ತುವ ಮಹಾನುಭಾವರೂ ಇದ್ದಾರೆ. ಅವರ ಬಗ್ಗೆ ಬರೆದರೆ ಸಂಪಾದಕರು ಅಚ್ಚು ಹಾಕಲಾರರು.

ನನ್ನನ್ನು ಕೇಳಿದರೆ, ಒಂದೇ ದಾರಿ ನಡೆಯುವುದಿದ್ದರೆ ಮಹಾಕೂಟದ ದಾರಿ ನಡೆಯಿರಿ.

ನನ್ನ ಅಜ್ಜಿಯ ಊರು ಮಹಾಕೂಟದ ಪಕ್ಕದ ನಂದಿಕೇಶ್ವರ. ಮೊಸರಿನ ಗಡಿಗೆ ತಲೆಯ ಮೇಲಿಟ್ಟು ಗುಡ್ಡ ದಾಟಿ ಬಾದಾಮಿಯ ಸಂತೆಗೆ ಬರುತ್ತಿದ್ದವಳು. ಬಸ್ಸು ಬಂದ ಮೇಲೂ ಹತ್ತುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಬಸ್ಸು ಗುಡ್ಡಾ ಸುತ್ತತೈತಿ, ನಾವು ಗುಡ್ಡಾ ದಾಟತೀವಿ" ಅನ್ನುತ್ತಿದ್ದಳು. ಲೆಕ್ಕ ಸರಿಯಾಗಿತ್ತು. ರಸ್ತೆಯಲ್ಲಿ ಹೋದರೆ ಸುಮಾರು 14 ಕಿಲೊಮೀಟರ್, ಗುಡ್ಡದ ಮೇಲೆ ನಡೆದರೆ ಸುಮಾರು ಐದು. ಸಾವಕಾಶ ನಡೆಯುವವರಿಗೆ ಎರಡು ತಾಸು ಸಾಕು. ದಾರಿಯಲ್ಲಿ ನೆರಳು ಕಡಿಮೆ. ಆದ್ದರಿಂದ ಹೊತ್ತು ಮೂಡುವುದಕ್ಕೆ ಮೊದಲೇ ಹೊರಡಬೇಕು. ಅಜ್ಜಿಯಂತೂ ಬೆಳ್ಳಿ ಮೂಡಿದಾಗ ಮನೆ ಬಿಡುತ್ತಿದ್ದಳಂತೆ, ಮೊಸರು ಹುಳಿಯಾಗಬಾರದಲ್ಲ.

ನೆತ್ತಿಯ ಬಯಲು ಮುಗಿದು ಇಳಿಜಾರು ಬಂದಾಗ ಗುಡ್ಡದ ಸ್ವಭಾವವೇ ಬದಲಾಗುತ್ತದೆ. ಗಾಳಿ ತಂಪಾಗುತ್ತದೆ, ಕುರುಚಲು ಹೋಗಿ ದೊಡ್ಡ ಮರಗಳು ಬರುತ್ತವೆ, ನವಿಲು ಕೂಗುತ್ತದೆ. ಕಾಲಡಿ ಹಾಸುಗಲ್ಲು ಸಿಗುತ್ತದೆ. ಎಷ್ಟು ಪಾದಗಳು ಸವೆಸಿದ್ದಾವೋ, ಕಲ್ಲಿನ ನಡುಭಾಗ ತಗ್ಗಾಗಿ ನುಣುಪಾಗಿದೆ. ಮಳೆ ಬಿದ್ದ ದಿನ ಬಲು ಜಾರುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿಯುವುದೇ ಲೇಸು. ಮಹಾಕೂಟದ ಹಳೆಯ ದ್ವಾರದ ಎರಡು ಬದಿಗೆ ಎಲುಬಿನ ಗೂಡಿನಂಥ ಎರಡು ಮೂರ್ತಿಗಳು ನಿಂತಿವೆ, ಭೈರವ ಮತ್ತು ಅವನ ಜೊತೆಗಾತಿ. ಚಾಲುಕ್ಯ ಶಿಲ್ಪ ಎಂದರೆ ಮೈತುಂಬಿದ ದ್ವಾರಪಾಲಕರು, ಯಕ್ಷದಂಪತಿಗಳು ಎಂದುಕೊಂಡವರು ಇವರೆದುರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಕ್ಕೆಲುಬು ಎಣಿಸಬಹುದು.

ಒಳಗೆ ಹೊಂಡ. ವಿಷ್ಣು ಪುಷ್ಕರಣಿ ಎಂದು ಹೆಸರು. ಗುಡ್ಡದಿಂದ ಬರುವ ಊಟೆಯ ನೀರು, ತಿಳಿ, ಬೇಸಿಗೆಯಲ್ಲೂ ತಂಪು. ನೀರಿನ ನಡುವೆಯೇ ಪುಟ್ಟ ಮಂಟಪ, ಅದರಲ್ಲಿ ನಾಲ್ಕು ಮುಖದ ಲಿಂಗ. ಸುತ್ತ ಆಲದ ಮರಗಳ ನೆರಳಲ್ಲಿ ಸಣ್ಣ ದೊಡ್ಡ ಗುಡಿಗಳು, ಒಂದಕ್ಕೆ ದಕ್ಷಿಣದ ಶಿಖರ, ಪಕ್ಕದ್ದಕ್ಕೆ ಉತ್ತರದ ಶಿಖರ. ಹುಡುಗರು ದಂಡೆಯಿಂದ ಹಾರುತ್ತಾರೆ, ಪೂಜಾರಿ ಬೈಯುತ್ತಾನೆ, ಅವನು ಆ ಕಡೆ ತಿರುಗಿದ ಕೂಡಲೇ ಮತ್ತೆ ಹಾರುತ್ತಾರೆ. ಐದು ಕಿಲೊಮೀಟರ್ ಬಿಸಿಲಲ್ಲಿ ನಡೆದು ಬಂದವರಿಗೆ ಈ ನೀರು ಏಕೆ ದೇವರಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಕಾರಿನಲ್ಲಿ ಬಂದವರಿಗೆ ವಿವರಿಸಬೇಕಾಗುತ್ತದೆ.

ಇಲ್ಲಿದ್ದ ಮಂಗಲೇಶನ 602ರ ಶಾಸನಸ್ತಂಭ ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅರಸನ ಕಂಬ ಊರು ಬಿಟ್ಟಿತು. ಒಬ್ಬ ಹೆಣ್ಣುಮಗಳ ಮಾತು ಮಾತ್ರ ಇಲ್ಲೇ ಉಳಿಯಿತು. ಮಹಾಕೂಟೇಶ್ವರ ಗುಡಿಯಲ್ಲಿ ವಿನಾಪೋಟಿಯ ಕನ್ನಡ ಶಾಸನವಿದೆ. 696ರಿಂದ 733ರವರೆಗೆ ಆಳಿದ ವಿಜಯಾದಿತ್ಯನ ಪ್ರಾಣವಲ್ಲಭೆ ಈಕೆ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಹಿಡಿಸಿ, ಹೊಲ ಬಿಟ್ಟಳು ಎನ್ನುತ್ತದೆ ಅದು. ವೇಶ್ಯೆ ಎಂದು ಯಾರೂ ಮುಚ್ಚಿಡಲಿಲ್ಲ. ತಾಯಿ, ಅಜ್ಜಿಯರ ಹೆಸರಿನೊಂದಿಗೇ ಕಲ್ಲಿನಲ್ಲಿ ಕೊರೆಸಿಕೊಂಡಿದ್ದಾಳೆ. ಪೀಠವೂ ಇಲ್ಲ, ಕೊಡೆಯೂ ಇಲ್ಲ. ಹೆಸರಿದೆ.

ಮಹಾಕೂಟದಾಚೆಗೂ ಕೊಳ್ಳಗಳು ಮುಗಿಯುವುದಿಲ್ಲ. ಹತ್ತಿರದ ನಾಗನಾಥಕೊಳ್ಳದಲ್ಲಿ ಕಾಡಿನ ನಡುವೆ ಒಂಟಿಯಾಗಿ ನಿಂತ ಚಾಲುಕ್ಯ ಗುಡಿಯಿದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಹೆಸರಾಂತ ಲಜ್ಜಾಗೌರಿ ಅಲ್ಲಿಯವಳು. ಪಟ್ಟದಕಲ್ಲಿನ ದಾರಿಯಲ್ಲಿ ಭದ್ರನಾಯಕನ ಜಾಲಿಹಾಳದ ಬಳಿ ಹುಲಿಗೆಮ್ಮನಕೊಳ್ಳ. ಇದು ನಿಜವಾದ ಆಳದ ಕೊಳ್ಳ. ಕಮಾನಿನಂತೆ ಮುಂದೆ ಬಾಗಿದ ಬಂಡೆಯ ಕೆಳಗೆ ಪುಟ್ಟ ಗುಡಿಗಳು ಸಾಲಾಗಿ ಕೂತಿವೆ, ಮಳೆಗಾಲದಲ್ಲಿ ಅವುಗಳ ಮುಂದೆ ನೀರು ಪರದೆ ಇಳಿಬಿಡುತ್ತದೆ. ಗುಡಿಗೆ ಒಂದು ಹನಿ ತಾಗುವುದಿಲ್ಲ. ಐಹೊಳೆಯ ಬಳಿಯ ಸಿದ್ಧನಕೊಳ್ಳದಲ್ಲಿ ಮಠವಿದೆ, ಬಂದವರಿಗೆ ಪ್ರಸಾದವಿದೆ. ಮಕ್ಕಳಾಗದವರು ಅಲ್ಲಿನ ಲಜ್ಜಾಗೌರಿಗೆ ಹರಕೆ ಹೊರುತ್ತಾರೆ. ಮ್ಯೂಸಿಯಮ್ಮಿನ ಲಜ್ಜಾಗೌರಿಗೆ ಗಾಜು ಒರೆಸುವವರಿದ್ದಾರೆ, ಕೊಳ್ಳದಲ್ಲಿ ಉಳಿದವಳಿಗೆ ಎಣ್ಣೆ, ಕುಂಕುಮ. ಯಾರ ಬಾಳು ಚೆನ್ನಾಗಿದೆ ಎಂದು ನಾನು ತೀರ್ಪು ಕೊಡಲಾರೆ.

ಹೊರಡುವವರಿಗೆ ನಾಲ್ಕು ಮಾತು. ಸೆಪ್ಟೆಂಬರ್‌ನಿಂದ ಫೆಬ್ರವರಿ ನಡೆಯುವ ಕಾಲ. ಮಾರ್ಚ್ ಬಂತೆಂದರೆ ಹತ್ತು ಗಂಟೆಗೇ ಬಂಡೆ ಕಾದು ಕೆಳಗಿನಿಂದಲೂ ಬಿಸಿಲು ಹೊಡೆಯುತ್ತದೆ. ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು, ಕೊಳ್ಳದ ನೀರು ನೆಚ್ಚಿ ಹೋಗಬೇಡಿ. ನಮ್ಮೂರ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಊಟದ ಗಂಟೆ, ತಿನಿಸನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಳ್ಳಿ. ಕೋತಿಗಿಂತ ಹೆಚ್ಚು ಅಂಜಬೇಕಾದ್ದು ಹೆಜ್ಜೇನಿಗೆ. ಎತ್ತರದ ಗೋಡೆಗಳಲ್ಲಿ ಕರಿಯ ಹಲಗೆಯಂಥ ಹುಟ್ಟುಗಳು ತೂಗುತ್ತಿರುತ್ತವೆ. ಅವುಗಳ ಕೆಳಗೆ ಬೀಡಿ ಹಚ್ಚುವುದು, ಕೂಗುವುದು, ಅತ್ತರು ಪೂಸಿಕೊಂಡು ನಿಲ್ಲುವುದು ಯಾವುದೂ ಬೇಡ. ಹಗ್ಗ ಕಟ್ಟಿ ಗೋಡೆ ಏರುವವರು ಬೇರೆ ಜಾತಿಯ ಜನ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಶಿಬಿರಾರ್ಥಿಗಳೂ ಯುರೋಪಿನಿಂದ ಬಂದ ಹುಡುಗ ಹುಡುಗಿಯರೂ ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ನೆಟ್ಟನೆಯ ಬಂಡೆಗೆ ಹಲ್ಲಿಗಳಾಗಿ ಅಂಟಿರುತ್ತಾರೆ. ಅವರೂ ಹೆಜ್ಜೇನು ಕಂಡರೆ ದಾರಿ ಬದಲಿಸುತ್ತಾರೆ.

ಈ ದಾರಿಗಳಿಗೆಲ್ಲ ಸಿಮೆಂಟಿನ ಮೆಟ್ಟಿಲು, ಉಕ್ಕಿನ ಕಟಾಂಜನ, ಅಲ್ಲಲ್ಲಿ ಸೆಲ್ಫಿ ಕಟ್ಟೆ ಬೇಕು ಎನ್ನುವವರು ಊರಲ್ಲಿದ್ದಾರೆ. ದಿಕ್ಕು ತೋರಿಸುವ ಫಲಕ ಹಾಕಲಿ, ಸಿಡಿಲಫಡಿಗೊಬ್ಬ ಕಾವಲುಗಾರನನ್ನು ಇಡಲಿ. ಮೆಟ್ಟಿಲು ಬೇಡ. ಸಿಮೆಂಟು ಸುರಿದು ಬಿರುಕು ಮುಚ್ಚಿದರೆ ಮಳೆನೀರು ಒಳಗೆ ಇಳಿಯುವುದು ಎಲ್ಲಿಂದ, ಕೆಳಗೆ ಊಟೆಯಾಗಿ ಬರುವುದು ಎಲ್ಲಿಂದ? ಗುಡ್ಡದ ನೆತ್ತಿಯಲ್ಲಿ ಆಗುವ ಕೆಲಸದ ಬಿಲ್ಲು ಮಹಾಕೂಟದ ಹೊಂಡದಲ್ಲಿ ಪಾವತಿಯಾಗುತ್ತದೆ. ಇದನ್ನು ಸಭೆಯೊಂದರಲ್ಲಿ ಹೇಳಿದಾಗ ಎದ್ದುನಿಂತ ಯುವಕನೊಬ್ಬ, "ಸರ್, ನಮ್ಮಜ್ಜಿಗೆ ಮೊಣಕಾಲು ನೋವು, ಅವಳಿಗೂ ಸಿಡಿಲಫಡಿ ನೋಡಬೇಕಂತ" ಎಂದ. ಉತ್ತರ ಹೊಳೆಯಲಿಲ್ಲ. ಆ ಅಜ್ಜಿಯನ್ನು ಹುಡುಗರು ಮುಂದಿನ ವಾರ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ ತೋರಿಸಿಕೊಂಡು ಬಂದರೆಂದು ಆಮೇಲೆ ತಿಳಿಯಿತು.

ಮಹಾಕೂಟದಿಂದ ಮರಳಿ ನಡೆಯಲಾರೆ ಎನ್ನುವವರಿಗೆ ಟಂಟಂ ಸಿಗುತ್ತದೆ. ಹಸಿವೆಯಾಗಿದ್ದರೆ ಬಾದಾಮಿಯಲ್ಲಿ ಇಳಿಯಬೇಡಿ, ಬನಶಂಕರಿಗೆ ಬಿಡಲು ಹೇಳಿ. ಗುಡಿಯ ಹೊರಗೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ: ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಗಡಿಗೆಯಲ್ಲಿ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರು. ರೊಟ್ಟಿಯನ್ನು ಕೈಗೇ ಕೊಟ್ಟು ಅದರ ಮೇಲೆ ಪಲ್ಯ ಬಡಿಸುತ್ತಾರೆ. ಎರಡನೇ ಗಡಿಗೆ ಮೊಸರು ಕೇಳಿದರೆ ದುಡ್ಡು ಬೇರೆ.